ಗೇಟು ಮಾಡಿದ ಕೈ ಯಾವುದು?



ಕಬ್ಬಿಣ ಇಲ್ಲದ ಮನೆ ಇಲ್ಲ. ಒಲೆಯ ಮೇಲೆ ರೊಟ್ಟಿ ಹಂಚು. ಮೂಲೆಯಲ್ಲಿ ಈಳಿಗೆಮಣೆ. ಗೋಡೆಯಲ್ಲಿ ಕುಡುಗೋಲು. ಇವನ್ನು ನಾವು ದಿನವೂ ಮುಟ್ಟುತ್ತೇವೆ. ಹೊಸ ಮನೆ ಕಟ್ಟಿದವರು ಅಂಗಳದ ಸುತ್ತ ಕಬ್ಬಿಣದ ಬೇಲಿ ಹಾಕಿಸುತ್ತಾರೆ. ಮುಂದೆ ಗೇಟು ಇಡಿಸುತ್ತಾರೆ. ಗೇಟಿನಲ್ಲಿ ಸುರುಳಿ, ಬಳ್ಳಿ, ಎಲೆ ಇರುತ್ತವೆ. ನೋಡಿದವರು “ಎಷ್ಟು ಚೆಂದ ಮಾಡ್ಯಾನ!” ಅಂತಾರೆ. ಮಾಡಿದವನು ಒಬ್ಬನೇನಾ? ಬನ್ನಿ, ಕುಲುಮೆಗೆ ಹೋಗಿ ನೋಡೋಣ.

ಎರಡು ಬಗೆಯ ಕೆಲಸ

ಕಬ್ಬಿಣದ ಚಿತ್ತಾರವನ್ನು ಎರಡು ರೀತಿ ಮಾಡುತ್ತಾರೆ. ಒಂದು ಎರಕ. ಕಬ್ಬಿಣವನ್ನು ನೀರಿನ ಹಾಗೆ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳು ಎರಕದವು. ಅವನ್ನು ದೂರದ ಗ್ಲಾಸ್ಗೋ ಊರಿನಲ್ಲಿ ಎರಕ ಹೊಯ್ದು ತಂದರು. ಎರಕದ ಕಬ್ಬಿಣ ಗಟ್ಟಿ. ಆದರೆ ಜೋರಾಗಿ ಬಡಿದರೆ ಒಡೆಯುತ್ತದೆ.

ಇನ್ನೊಂದು ಬಡಿದು ಮಾಡುವುದು. ಇಲ್ಲಿ ಕಬ್ಬಿಣವನ್ನು ಕರಗಿಸುವುದಿಲ್ಲ. ಕೆಂಪಗೆ ಕಾಯಿಸಿ ಬಡಿಯುತ್ತಾರೆ. ಬಡಿಯುವ ಕಬ್ಬಿಣ ಮೆದು. ಅದು ಬಾಗುತ್ತದೆ, ಬೇಗ ಒಡೆಯುವುದಿಲ್ಲ. ದೆಹಲಿಯ ಕಬ್ಬಿಣದ ಕಂಬ ಹೀಗೆ ಬಡಿದು ಬೆಸೆದದ್ದು. ಅದಕ್ಕೆ ಸುಮಾರು 1600 ವರ್ಷ ವಯಸ್ಸು. ನಮ್ಮ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ ಬೆಟ್ಟದಲ್ಲೂ ಅಂಥ ಒಂದು ಹಳೆಯ ಕಂಬ ಇದೆ. ಈಗ ಕುಲುಮೆಗೆ ಬರುವುದು ಅಂಗಡಿಯಲ್ಲಿ ಸಿಗುವ ಮೆದು ಉಕ್ಕಿನ ಸರಳು, ಪಟ್ಟಿ. ಬಡಿಯುವ ವಿದ್ಯೆ ಮಾತ್ರ ಹಳೆಯದೇ.

ಮೊದಲು ನೆಲದ ಮೇಲೆ ಚಿತ್ರ

ಗೇಟಿನ ಕೆಲಸ ಬೆಂಕಿಯಿಂದ ಶುರುವಾಗುವುದಿಲ್ಲ. ಸುಣ್ಣದ ಕಡ್ಡಿಯಿಂದ ಶುರುವಾಗುತ್ತದೆ. ಗೇಟು ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಚಿತ್ರವನ್ನು ನೆಲದ ಮೇಲೆ ಬರೆಯುತ್ತಾರೆ. ರಂಗೋಲಿ ಹಾಕಿದ ಕೈಗೆ ಇದು ಕಷ್ಟವಲ್ಲ. ಎಡಕ್ಕೆ ಒಂದು ಸುರುಳಿ ಇದ್ದರೆ ಬಲಕ್ಕೂ ಅಷ್ಟೇ ಸುರುಳಿ ಇರಬೇಕು.

ಒಂದು ಸುರುಳಿಗೆ ಎಷ್ಟು ಉದ್ದದ ಪಟ್ಟಿ ಬೇಕು? ಗೆರೆಯ ಮೇಲೆ ಒಂದು ದಾರ ಇಟ್ಟು ಸುತ್ತುತ್ತಾ ಹೋಗಿ. ಆಮೇಲೆ ದಾರವನ್ನು ನೆಟ್ಟಗೆ ಹಿಡಿದು ಅಳೆಯಿರಿ. ಅಷ್ಟು ಉದ್ದದ ಪಟ್ಟಿ ಬೇಕು. ಅಳತೆ ತಪ್ಪಿದರೆ ಕಬ್ಬಿಣ ದಂಡ.

ಬೆಂಕಿಯ ಬಣ್ಣ ಓದುವುದು

ಕಬ್ಬಿಣ ಕಾದಾಗಲೇ ಬಡಿಯಬೇಕು ಅಂತ ಗಾದೆ ಇದೆ. ಎಷ್ಟು ಕಾದಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಣ್ಣ ನೋಡಿ. ಮಸುಕು ಕೆಂಪು ಇದ್ದರೆ ಇನ್ನೂ ಸಾಲದು. ಕಿತ್ತಳೆ ಹಣ್ಣಿನ ಬಣ್ಣ ಬಂದರೆ ಬಾಗಿಸಲು, ಬಡಿಯಲು ಸರಿ. ಬೆಳ್ಳಗಾಗಿ ಕಿಡಿ ಹಾರಿದರೆ ಕಬ್ಬಿಣ ಸುಟ್ಟು ಹಾಳಾಗುತ್ತದೆ. ಕುಲುಮೆಯನ್ನು ನೆರಳಿನಲ್ಲಿ ಇಡುವುದು ಇದಕ್ಕೇ. ಬಿಸಿಲಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ.

ಈ ಬಣ್ಣವನ್ನು ಹಿಡಿತದಲ್ಲಿ ಇಡುವವರು ಯಾರು? ತಿದಿ ಒತ್ತುವವರು. ಗಾಳಿ ಕಡಿಮೆಯಾದರೆ ಕಬ್ಬಿಣ ಕಾಯದು. ಹೆಚ್ಚಾದರೆ ಸುಡುತ್ತದೆ, ಇದ್ದಿಲೂ ಖಾಲಿ. ಈಗ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ ಬಂದಿದೆ. ಆದರೂ ಗಮನ ಅಷ್ಟೇ ಬೇಕು.

ಸುರುಳಿ ಮತ್ತು ಜೋಡಣೆ

ಪಟ್ಟಿಯ ತುದಿಯನ್ನು ಕಾಯಿಸಿ ತೆಳ್ಳಗೆ ಬಡಿಯುತ್ತಾರೆ. ಅಡಿಗಲ್ಲಿನ ಅಂಚಿನಲ್ಲಿ ಇಟ್ಟು ಸಣ್ಣ ಸುತ್ತು ಮಾಡುತ್ತಾರೆ. ಮತ್ತೆ ಕಾಯಿಸುತ್ತಾರೆ. ಸುರುಳಿಯಾಕಾರದ ಒಂದು ಗಟ್ಟಿ ಅಚ್ಚಿಗೆ ಸಿಕ್ಕಿಸಿ ಎಳೆದು ಸುತ್ತುತ್ತಾರೆ. ಅಚ್ಚು ಒಂದೇ ಆದರೆ ಎಲ್ಲಾ ಸುರುಳಿಯೂ ಒಂದೇ ಸಮ. ಚೌಕ ಸರಳನ್ನು ನಡುವೆ ಕಾಯಿಸಿ ಒಂದು ತುದಿ ಬಿಗಿದು ಇನ್ನೊಂದು ತುದಿ ತಿರುಚಿದರೆ ಹಗ್ಗದ ಹುರಿಯಂತೆ ಕಾಣುತ್ತದೆ.

ದಪ್ಪ ಸರಳಾದರೆ ಒಬ್ಬರ ಕೈ ಸಾಲದು. ಒಬ್ಬರು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾರೆ. ಇನ್ನೊಬ್ಬರು ಸಮ್ಮಟಿ ಎತ್ತಿ ಅಲ್ಲೇ ಹೊಡೆಯುತ್ತಾರೆ. ಪೆಟ್ಟು ತಪ್ಪಿದರೆ ಕೈ ಹೋಗುತ್ತದೆ. ಇದು ಬರೀ ಬಲದ ಕೆಲಸವಲ್ಲ, ಗುರಿಯ ಕೆಲಸ.

ತುಂಡುಗಳನ್ನು ಜೋಡಿಸಲು ತೂತು ಹೊಡೆದು ರಿವೀಟು ಬಡಿಯುತ್ತಾರೆ. ಇಲ್ಲವೇ ಎರಡು ಸುರುಳಿ ಸೇರುವ ಕಡೆ ಬಿಸಿ ಪಟ್ಟಿ ಸುತ್ತುತ್ತಾರೆ. ಅದು ಆರಿದಾಗ ಕುಗ್ಗಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈಗ ಬಹಳ ಕಡೆ ವೆಲ್ಡಿಂಗ್ ಮಾಡುತ್ತಾರೆ. ಕೊನೆಗೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ನೀರು, ಗಾಳಿ ಸೇರಿದರೆ ಕಬ್ಬಿಣಕ್ಕೆ ತುಕ್ಕು. ಬಣ್ಣವೇ ಅದಕ್ಕೆ ಬಟ್ಟೆ.

ಸರಳಿನ ಲೆಕ್ಕ

ಗೇಟಿನ ಅಗಲ 1 ಮೀಟರ್. ಎತ್ತರ 1 ಮೀಟರ್ 20 ಸೆಂಟಿಮೀಟರ್. ಸರಳುಗಳ ನಡುವಿನ ಸಂದು 10 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಮಗುವಿನ ತಲೆ ಸಿಕ್ಕಿಕೊಳ್ಳಬಹುದು. ಅದಕ್ಕೆ 9 ಸರಳು ಬೇಕು.

12 ಮಿಲಿಮೀಟರ್ ದಪ್ಪದ ಚೌಕ ಸರಳು 1 ಮೀಟರಿಗೆ ಸುಮಾರು 1 ಕಿಲೋ 130 ಗ್ರಾಂ ತೂಗುತ್ತದೆ. 9 ಸರಳು ಸೇರಿ 10 ಮೀಟರ್ 80 ಸೆಂಟಿಮೀಟರ್ ಉದ್ದ. ತೂಕ ಸುಮಾರು 12 ಕಿಲೋ 200 ಗ್ರಾಂ. ಚೌಕಟ್ಟಿಗೆ, ಸುರುಳಿಗೆ ಹೀಗೆಯೇ ಲೆಕ್ಕ ಹಾಕಬಹುದು. ಈ ಲೆಕ್ಕ ಗೊತ್ತಿದ್ದರೆ ತೂಕದಲ್ಲಿ ಯಾರೂ ನಮಗೆ ಮೋಸ ಮಾಡಲಾರರು.

ಕೂಲಿಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗುವ ಘಿಸಾಡಿ ಜನರನ್ನು ನೀವು ನೋಡಿರಬಹುದು. ರಸ್ತೆ ಬದಿಯಲ್ಲೇ ಅವರ ಕುಲುಮೆ. ಗಂಡ ಇಕ್ಕಳ ಹಿಡಿದು ಕೂತಿರುತ್ತಾನೆ. ಹೆಂಡತಿ ನಿಂತು ಸಮ್ಮಟಿ ಬಡಿಯುತ್ತಾಳೆ. ಊರ ಕಮ್ಮಾರರ ಮನೆಯಲ್ಲೂ ತಿದಿ ಒತ್ತುವುದು ಹೆಚ್ಚಾಗಿ ಹೆಂಗಸರೇ. “ನೀವೇನು ಕೆಲಸ ಮಾಡ್ತೀರಿ?” ಅಂತ ಕೇಳಿದರೆ “ಮನ್ಯಾಗ ಇರ್ತೀನ್ರಿ” ಅಂದುಬಿಡುತ್ತಾರೆ.

ಇದರಿಂದ ಏನು ನಷ್ಟ? ಲೆಕ್ಕ ಕಲಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ.

ಗೇಟಿನ ಬೆಲೆ 6,000 ರೂಪಾಯಿ.
ಕಬ್ಬಿಣ, ಇದ್ದಿಲು, ಬಣ್ಣದ ಖರ್ಚು 3,000 ರೂಪಾಯಿ.
ಉಳಿದದ್ದು 3,000 ರೂಪಾಯಿ.
ಕೆಲಸ ಹಿಡಿದದ್ದು 3 ದಿನ.

ಒಬ್ಬರದೇ ಕೆಲಸ ಅಂತ ಎಣಿಸಿದರೆ ದಿನಕ್ಕೆ 1,000 ರೂಪಾಯಿ. ಗಂಡ ಹೆಂಡತಿ ಇಬ್ಬರದೂ ಎಣಿಸಿದರೆ ತಲಾ 500.

ಗಿರಾಕಿ ಚೌಕಾಸಿ ಮಾಡಿ 4,500ಕ್ಕೆ ಕೇಳಿದ ಅನ್ನಿ. ಆಗ ಉಳಿಯುವುದು 1,500. ಒಬ್ಬರಿಗೆ ದಿನಕ್ಕೆ 500. “ಇರಲಿ, ಕೊಡೋಣ” ಅನ್ನಿಸುತ್ತದೆ. ಇಬ್ಬರನ್ನೂ ಎಣಿಸಿದರೆ ತಲಾ 250 ಮಾತ್ರ! ಹೆಂಗಸಿನ ದುಡಿಮೆಯನ್ನು ಸೊನ್ನೆ ಅಂತ ಹಿಡಿದರೆ ಗೇಟಿನ ಬೆಲೆಯೇ ತಪ್ಪಾಗುತ್ತದೆ. ನಷ್ಟ ಅವಳೊಬ್ಬಳಿಗಲ್ಲ, ಇಡೀ ಮನೆಗೆ.

ಹಾಗಾದರೆ ಏನು ಮಾಡಬೇಕು? ಒಂದು ನೋಟು ಪುಸ್ತಕ ಇಡೋಣ. ತಾರೀಕು, ಕೆಲಸ, ಮಾಡಿದವರ ಹೆಸರು, ಎಷ್ಟು ಹೊತ್ತು ಅಂತ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ!

ಇನ್ನೊಂದು ಮಾತು. 2023ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. ಅದರಲ್ಲಿ 18 ಕಸುಬುಗಳಿವೆ. ಕಮ್ಮಾರಿಕೆಯೂ ಸೇರಿದೆ. ಒಂದು ಕುಟುಂಬದಲ್ಲಿ ಒಬ್ಬರ ಹೆಸರಿಗೆ ಮಾತ್ರ ಅವಕಾಶ. ಇಂಥ ಕಡೆ ಯಾರ ಹೆಸರು ಬರೆಸಬೇಕು ಅಂತ ಮನೆಯಲ್ಲಿ ಕೂತು ಮಾತಾಡೋಣ. ಕೇಳದೆ ಯಾರೂ ನಮ್ಮ ಹೆಸರು ಬರೆಯುವುದಿಲ್ಲ.

ಮೈ ಜೋಪಾನ

ಕುಲುಮೆಯ ಹತ್ತಿರ ನೈಲಾನ್ ಸೀರೆ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಹತ್ತಿ ಸೀರೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ. ಕಣ್ಣಿಗೆ ಕನ್ನಡಕ ಇರಲಿ. ಸತುವಿನ ಲೇಪ ಇರುವ ಜಿ.ಐ. ಪೈಪು, ತಗಡನ್ನು ಬೆಂಕಿಗೆ ಹಾಕಬೇಡಿ. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಸುಟ್ಟರೆ ತಕ್ಷಣ ತಣ್ಣೀರು ಹರಿಯ ಬಿಡಿ, 20 ನಿಮಿಷ. ಶಾಯಿ, ಪೇಸ್ಟು ಹಚ್ಚಬೇಡಿ. ಗಾಯ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ಓದಿ, ಹೇಳಿ

1. ಎರಕದ ಕಬ್ಬಿಣಕ್ಕೂ ಬಡಿಯುವ ಕಬ್ಬಿಣಕ್ಕೂ ಏನು ವ್ಯತ್ಯಾಸ?
2. ಕಬ್ಬಿಣ ಬಡಿಯಲು ಯಾವ ಬಣ್ಣ ಬರಬೇಕು?
3. ಗೇಟಿನ ಸಂದು ಎಷ್ಟಿರಬೇಕು? ಯಾಕೆ?

ಬರೆಯಿರಿ

ಕುಲುಮೆ, ತಿದಿ, ಇಕ್ಕಳ, ಸಮ್ಮಟಿ, ಅಡಿಗಲ್ಲು, ಸುರುಳಿ

ಮಾತಾಡೋಣ

ಹೊಲ, ಮಗ್ಗ, ಅಂಗಡಿ, ಹೈನು. ನಿಮ್ಮ ಮನೆಯ ಕಸುಬಿನಲ್ಲಿ ನೀವು ಮಾಡುವ ಕೆಲಸ ಯಾವುದು? ಅದಕ್ಕೆ ಬೇರೆಯವರನ್ನು ಕರೆದರೆ ದಿನಕ್ಕೆ ಎಷ್ಟು ಕೂಲಿ ಕೊಡಬೇಕು? ನೋಟು ಪುಸ್ತಕದಲ್ಲಿ ಬರೆದು ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ.