ಮಣ್ಣು ಮುಚ್ಚುವ ಮುಂಚೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಕೇಬಲ್ ಹಾಕಿಸುವ ಕೆಲಸ ಸಿಕ್ಕಿತು ಅಂತ ಕುಣಿಯುತ್ತಿದ್ದೀಯ. ಕುಣಿ, ತಪ್ಪಿಲ್ಲ. ಹಳದಿ ಹೆಲ್ಮೆಟ್ಟೂ ನಿನಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ರಸ್ತೆ ಅಗೆಯುವ ಅನುಮತಿ ಪತ್ರ ಜೇಬಿನಲ್ಲಿದೆ ಅಂತ ಎದೆ ಸೆಟೆಸಿಕೊಂಡು ಓಡಾಡುತ್ತೀಯಲ್ಲ, ಅದು ನನಗೆ ಹಿಡಿಸಲಿಲ್ಲ. ಆ ಕಾಗದ ಕೊಟ್ಟದ್ದು ಡಾಂಬರು ಕತ್ತರಿಸುವುದಕ್ಕೆ ಕಣಪ್ಪ, ಪೈಪು ಕತ್ತರಿಸುವುದಕ್ಕಲ್ಲ. ಕಟ್ಟಿದ ದುಡ್ಡು ರಸ್ತೆ ಸರಿಮಾಡುವುದಕ್ಕೆ. ಪೈಪು ಒಡೆದರೆ ಅದರ ಲೆಕ್ಕವೇ ಬೇರೆ.

ಮಲ್ಲೇಶ್ವರ ನಿನ್ನೆ ಮೊನ್ನೆಯ ಬಡಾವಣೆಯಲ್ಲ. 1890ರ ದಶಕದಲ್ಲಿ ಗೆರೆ ಎಳೆದು ಬೀದಿ ಮಾಡಿದ್ದು. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದದ್ದೂ ಅದೇ ದಶಕದಲ್ಲಿ, ಕಾವೇರಿ ಬಂದದ್ದು 1974ರಲ್ಲಿ. ಆಮೇಲೆ ಟೆಲಿಫೋನು, ಕರೆಂಟು, ಗ್ಯಾಸು, ಇಂಟರ್ನೆಟ್ಟು, ಎಲ್ಲರೂ ತಮ್ಮ ತಮ್ಮ ಪಾಲಿಗೆ ಅಗೆದು ಹೂತು ಹೋದರು. ನಕ್ಷೆ ಇದೆ ಅನ್ನುತ್ತೀಯ. ಅದರಲ್ಲಿ ಬರೆದಿರುವ ಆಳ ಅಂದಿನ ರಸ್ತೆಯಿಂದ ಅಳೆದದ್ದು. ಅದರ ಮೇಲೆ ಎಷ್ಟು ಪದರ ಡಾಂಬರು ಬಿತ್ತೋ, ಎಲ್ಲಿ ಕೆತ್ತಿ ತೆಗೆದರೋ, ನಕ್ಷೆಗೇನು ಗೊತ್ತು? ಕಾಡು ಮಲ್ಲೇಶ್ವರನ ಎದುರಿಗಿರುವ ನಂದಿತೀರ್ಥ 1997ರಲ್ಲಿ ಮಣ್ಣು ಅಗೆದಾಗ ಸಿಕ್ಕಿತು. ಕಲ್ಯಾಣಿ ಸಮೇತ ದೇವಸ್ಥಾನವನ್ನೇ ಮರೆತು ಕೂತಿದ್ದ ಊರಿಗೆ ನಾಲ್ಕಿಂಚಿನ ಪೈಪು ನೆನಪಿರುತ್ತದೆಯೇ?

ಅದಕ್ಕೇ ಮೊದಲು ಕೈಯಿಂದ ಒಂದು ಗುಂಡಿ ತೋಡಿಸಿ ನೋಡು. ಸಾಲಾಗಿ ಇಟ್ಟಿಗೆ, ಕೆಳಗೆ ಮರಳು ಕಂಡರೆ ಗುದ್ದಲಿ ನಿಲ್ಲಿಸು, ಅಡಿಯಲ್ಲಿ ಕೇಬಲ್ ಇದೆ. ಮನೆಯಿಂದ ಒಳಚರಂಡಿಗೆ ಹೋಗುವ ಕೊಳವೆ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಈ ಕಡೆಯ ಹಳೇ ಮನೆಗಳದ್ದು ಕೆಲವು ಹಿಂದಿನ ಕನ್ಸರ್ವೆನ್ಸಿ ಗಲ್ಲಿಗೆ ಹೋಗುತ್ತವೆ, ಕೆಲವು ಮುಂದಿನ ಬೀದಿಗೆ. ಆಯಾ ಮನೆಯ ಅಜ್ಜಿಯನ್ನು ಕೇಳು, ಕೊಳವೆ ಕಟ್ಟಿಕೊಂಡಾಗಲೆಲ್ಲ ನಿಂತು ತೆಗೆಸಿದವಳು ಅವಳು. ಅಂಥ ಸಿರಾಮಿಕ್ ಕೊಳವೆಯನ್ನು, ನೆಲದಡಿಯಲ್ಲೇ ಅಡ್ಡ ಕೊರೆಯುವ ನಿನ್ನ ಡ್ರಿಲ್ಲಿಂಗ್ ಮಷೀನು ಸದ್ದಿಲ್ಲದೆ ತೂತು ಮಾಡಿಕೊಂಡು ಆಚೆ ಹೋಗುತ್ತದೆ. ಕೇಬಲ್ ಅಡ್ಡ ಕೂತುಬಿಡುತ್ತದೆ. ಬಟ್ಟೆ, ಕೂದಲು ಅದಕ್ಕೆ ಸಿಕ್ಕಿಕೊಂಡು ಮಲ ಮನೆಯೊಳಕ್ಕೆ ಉಕ್ಕುವ ಹೊತ್ತಿಗೆ ನೀನು ಇನ್ನೊಂದು ಬಡಾವಣೆಯಲ್ಲಿರುತ್ತೀಯ.

ನೀರಿನ ಪೈಪಿನ ಕಥೆ ಇನ್ನೂ ಕಿಲಾಡಿಯದು. ನಮ್ಮೂರಲ್ಲಿ ಎಲ್ಲ ಬೀದಿಗೂ ದಿನಾ ನೀರು ಬಿಡುವುದಿಲ್ಲ. ನೀರಿಲ್ಲದ ದಿನ ಗುದ್ದಲಿ ತಗುಲಿದರೆ ಒಂದು ಹನಿಯೂ ಬರುವುದಿಲ್ಲ. ‘ಏನೂ ಆಗಿಲ್ಲ ಸಾರ್’ ಅನ್ನುತ್ತಾನೆ ಮೇಸ್ತ್ರಿ. ನಿನಗೂ ಅದೇ ಬೇಕಾಗಿರುತ್ತದೆ, ಊಟದ ಹೊತ್ತು ಬೇರೆ. ಮಣ್ಣು ಎಳೆದುಬಿಡುತ್ತೀರಿ. ಖಾಲಿ ಪೈಪು ಅಕ್ಕಪಕ್ಕದ ಕೊಳಚೆಯನ್ನು ಒಳಗೆಳೆದುಕೊಳ್ಳುತ್ತದೆ. ಮಾರನೇ ದಿನ ನೀರು ಬಿಟ್ಟಾಗ ಅದು ಸೀದಾ ಯಾರದೋ ಮನೆಯ ಸಂಪಿನೊಳಕ್ಕೆ, ಅಲ್ಲಿಂದ ಮಗುವಿನ ಲೋಟಕ್ಕೆ. ಹಾಗಾಗಿ ವಾಲ್ವ್‌ಮನ್ ಜೊತೆ ಸ್ನೇಹ ಬೆಳೆಸು, ಕಾಫಿ ಕುಡಿಸು. ಅವನು ನೀರು ಬಿಟ್ಟು, ನೀನು ಕಣ್ಣಾರೆ ನೋಡುವ ತನಕ ಗುಂಡಿ ತೆರೆದೇ ಇರಲಿ. ಸುತ್ತ ತಡೆ ಹಾಕಿಸು, ಇಲ್ಲದಿದ್ದರೆ ಎಂಟನೇ ಕ್ರಾಸಿಗೆ ಹೂವು ತರಲು ಬಂದವರು ಅದರೊಳಗೆ ಬಿದ್ದಾರು.

ಕಾನೂನು ನನಗಿಂತ ನಿನಗೇ ಹೆಚ್ಚು ಗೊತ್ತಿರಬೇಕು, ಆದರೆ ಮೊಬೈಲಿನಲ್ಲಿ ಅದನ್ನು ಬಿಟ್ಟು ಉಳಿದದ್ದೆಲ್ಲ ಓದುತ್ತೀಯ. ತಂತಿ ಎಳೆಯುವವರು ಹಾನಿ ಆದಷ್ಟು ಕಡಿಮೆ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು ಅಂತ 1885ರ ಟೆಲಿಗ್ರಾಫ್ ಕಾಯ್ದೆಯ ಹತ್ತನೇ ಸೆಕ್ಷನ್ನಿನಲ್ಲೇ ಬರೆದಿಟ್ಟಿದ್ದರು. ಯಾರೇ ಅಗೆಯಲಿ, ಮುಂಚೆ ತಿಳಿಸಬೇಕು, ಟೆಲಿಕಾಂ ಲೈನು ಕತ್ತರಿಸಿದರೆ ದುಡ್ಡು ತೆರಬೇಕು ಅಂತ 2023ರ ಜನವರಿಯಲ್ಲಿ ನಿಯಮ ಬಂತು. ಮಾರ್ಚ್ 22ಕ್ಕೆ ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ಪೂ ಬಂತು. ಹೊಂದಾಣಿಕೆ ಇಲ್ಲದ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತು. ಅದೇ ತಿಂಗಳು ಎಚ್‌ಎಸ್‌ಆರ್ ಲೇಔಟ್ ಪಕ್ಕದ ಸೋಮಸುಂದರಪಾಳ್ಯದಲ್ಲಿ ನೀರಿನ ಕೆಲಸಕ್ಕೆ ಅಗೆಯುವಾಗ ಗ್ಯಾಸ್ ಪೈಪಿಗೆ ಪೆಟ್ಟು ಬಿತ್ತು. ಸೋರಿದ ಗ್ಯಾಸು ಹೊತ್ತಿಕೊಂಡು ಮನೆಯಲ್ಲಿದ್ದವರು ಗಾಯಗೊಂಡರು. ಮಣ್ಣು ಮುಚ್ಚಿ ಜಾಗ ಖಾಲಿ ಮಾಡುವ ಜಾಣತನ ಗ್ಯಾಸಿನ ಹತ್ತಿರ ನಡೆಯುವುದಿಲ್ಲ, ತಿಳೀತಾ? ವಾಸನೆ ಬಂದರೆ ಮಷೀನು ಆಫ್ ಮಾಡಿಸು, ಬೀಡಿ ಆರಿಸಲು ಹೇಳು, ಜನರನ್ನು ದೂರ ಕಳಿಸು, ಗ್ಯಾಸಿನವರಿಗೆ ಫೋನ್ ಮಾಡು. ನಿನ್ನ ಮ್ಯಾನೇಜರಿಗೆ ಆಮೇಲೆ.

ಇನ್ನು ಹೊಣೆ ಯಾರದು ಅನ್ನುವ ಮಾತು. ಒಪ್ಪಂದದ ಕಾಗದ ಓದಿದ್ದೀಯಾ? ಕಂಪನಿ ಗುತ್ತಿಗೆದಾರನ ತಲೆಗೆ ಕಟ್ಟಿರುತ್ತದೆ, ಅವನು ಸಬ್ ಕಾಂಟ್ರಾಕ್ಟರ್ ತಲೆಗೆ, ಅವನು ಮೇಸ್ತ್ರಿಯ ತಲೆಗೆ. ಕೊನೆಗೆ ಮುರಿಯುವುದು ರಾಯಚೂರಿನ ಕಡೆಯಿಂದ ಹೆಂಡತಿ ಮಕ್ಕಳ ಸಮೇತ ಬಂದ ಕೂಲಿಯವನ ಬಟವಾಡೆ. ಇಲ್ಲಿ ತೋಡು ಅಂತ ಸುಣ್ಣದ ಗೆರೆ ಹಾಕಿ ತೋರಿಸಿದವನು ನೀನು. ಅವನ ಕೂಲಿಗೆ ಕೈ ಹಾಕಿದರೆ ನನ್ನ ಮನೆಗೆ ಬರಬೇಡ.

ಹಾಗಂತ ಮಾಡದ ತಪ್ಪಿಗೂ ತಲೆ ಕೊಡಬೇಡ. ಅಗೆಯುವ ಮುಂಚೆ ಪ್ರತಿ ಚೇಂಬರಿನ ಮುಚ್ಚಳ ತೆಗೆಸಿ ಫೋಟೊ ಹೊಡೆದುಕೋ. ಮೊದಲೇ ಒಡೆದಿದ್ದನ್ನು ನಿನ್ನ ಕೊರಳಿಗೆ ನೇತುಹಾಕುವವರೂ ಈ ಊರಲ್ಲಿದ್ದಾರೆ. ನೀನೇ ಒಡೆದರೆ ಪೈಪಿನವರು ಕಂಡುಹಿಡಿಯುವ ತನಕ ಕಾಯದೆ, ಆಳ, ಜಾಗ, ಗಂಟೆ ಬರೆದು ಅವರನ್ನು ಕರೆಸಿ ಸಹಿ ಹಾಕಿಸಿಕೋ. ಅವತ್ತೇ ಹೇಳಿದರೆ ಒಂದು ತುಂಡು ಪೈಪಿನ ಬಿಲ್ಲು. ಆರು ತಿಂಗಳಾದ ಮೇಲೆ ಅವರೇ ಅಗೆದು ನಿನ್ನ ಕೇಬಲ್ ನೋಡಿದರೆ ಪೈಪಿನದು, ರಸ್ತೆಯದು, ಎದುರುಮನೆಯವರ ನೆಲಮಾಳಿಗೆಯದು, ಎಲ್ಲ ಸೇರಿ ಬರುತ್ತದೆ.

ಇನ್ನೊಂದು. ಡ್ರಿಲ್ಲಿಂಗಿನವನಿಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಮಾತಾಡಿದ್ದೀಯಂತೆ. ನಾಳೆ ಬೆಳಿಗ್ಗೆಯೇ ಹೋಗಿ ಅದನ್ನು ದಿನದ ಲೆಕ್ಕಕ್ಕೆ ಬದಲಾಯಿಸು.