ಮಾನ್ಯತೆ ‘ಬರ್ತಾ ಇದೆ’ ಅಂದರೆ ಫೀಸು ಕಟ್ಟಬೇಡಿ

ಎಂ.ಎಸ್ಸಿ. ಸೈಕಾಲಜಿ ಮುಗಿಸಿದ ಮಗಳಿಗೆ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್ ಸೀಟು ಸಿಗಲಿಲ್ಲ. ಆಗ ಮುಂದೆ ಬಂದವನು ನನ್ನ ಭಾವಮೈದ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಅವನಿಗೆ ಪರಿಚಯ. ಎರಡು ವರ್ಷದ ಕೋರ್ಸು, ಎಂ.ಫಿಲ್‌ಗೆ ಸಮ, ಆರ್‌ಸಿಐ ಮಾನ್ಯತೆ ಬರ್ತಾ ಇದೆ ಅಂದ. “ಭಾವ, ಚಿಂತೆ ಬಿಡಿ, ನಾನಿದ್ದೀನಲ್ಲ.”

ಆರ್‌ಸಿಐ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯ ಪ್ರಕಾರ ಅದರ ಮಾನ್ಯತೆಯಿರುವ ಕೋರ್ಸು ಓದಿದವರ ಹೆಸರು ಮಾತ್ರ ಕೇಂದ್ರ ಪುನರ್ವಸತಿ ರಿಜಿಸ್ಟರಿಗೆ (ಸಿಆರ್‌ಆರ್) ಸೇರುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಹೇಳುವಾಗ ಈ ಎರಡು ವರ್ಷದ ಎಂ.ಫಿಲ್ಲನ್ನು ಹೆಸರಿಸುತ್ತದೆ.

ಕೋರ್ಸು ಮುಗಿಯಿತು. ನಮ್ಮ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸಂದರ್ಶನ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಮನೋವೈದ್ಯರು ಫೈಲು ತಿರುವುತ್ತ, “ಸಿಆರ್‌ಆರ್ ನಂಬರ್ ಹೇಳಮ್ಮಾ” ಅಂದರು. ಅವಳು ಸರ್ಟಿಫಿಕೇಟು ಮುಂದಿಟ್ಟಳು. “ಇದಲ್ಲ, ರಿಜಿಸ್ಟ್ರೇಷನ್.” ಮಾನ್ಯತೆ ಬರಲಿದೆ ಎಂದು ಅವಳು ಮೆಲ್ಲಗೆ ಹೇಳಿದಳು. ಅವರು ಗದರಲಿಲ್ಲ, ಅದೇ ಕಷ್ಟವಾಯಿತು. ನೋಂದಣಿಯಿಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು 1992ರ ಕಾಯ್ದೆಯಲ್ಲಿದೆ ಎಂದರು. ದಂಡದ ಮೊತ್ತ ನಗು ತರಿಸುವಂಥದ್ದು. ಅವಳು ನಗುವ ಸ್ಥಿತಿಯಲ್ಲಿರಲಿಲ್ಲ. ಫೈಲು ಎದೆಗವಚಿಕೊಂಡು ಹೊರಗೆ ಬಂದವಳು ಬಸ್‌ಸ್ಟ್ಯಾಂಡ್‌ವರೆಗೂ ಒಂದು ಮಾತಾಡಲಿಲ್ಲ.

ಸಂಸ್ಥೆಗೆ ಹೋದರೆ ಆಡಳಿತಾಧಿಕಾರಿ ಕಾಫಿ ತರಿಸಿದ. “ಅರ್ಜಿ ಹಾಕಿದ್ದೀವಲ್ಲ ಸಾರ್!” ಅರ್ಜಿಯ ಸ್ವೀಕೃತಿ ಪತ್ರಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಭಾವಮೈದ ಅಂದಿನಿಂದ ನನ್ನ ಫೋನು ಎತ್ತುವುದಿಲ್ಲ.

ಮಗಳು ಮತ್ತೆ ಪ್ರವೇಶ ಪರೀಕ್ಷೆಗೆ ಕೂತಳು. ಅಷ್ಟರಲ್ಲಿ, 2023ರ ಡಿಸೆಂಬರ್‌ನಲ್ಲಿ, ಎಂ.ಫಿಲ್‌ಗೆ ಯಾರೂ ಸೇರಬೇಡಿ ಎಂದು ಯುಜಿಸಿ ಪ್ರಕಟಣೆ ಹೊರಡಿಸಿತು. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುತಿಂಗಳು ಕ್ಲಿನಿಕಲ್ ಸೈಕಾಲಜಿಗೆ 2025–26ರವರೆಗೆ ವಿನಾಯಿತಿ ಬಂತು. ಅವಳಿಗೆ ಮಾನ್ಯತೆಯಿರುವ ಕಡೆ ಸೀಟೂ ಸಿಕ್ಕಿತು.

ಹಿಂದಿನ ಸಂಸ್ಥೆಯಲ್ಲಿ ಸಹಪಾಠಿಗಳೇ ಸರದಿಯ ಮೇಲೆ ‘ರೋಗಿ’ಗಳಾಗುತ್ತಿದ್ದರು, ಉಳಿದದ್ದೆಲ್ಲ ಸ್ಲೈಡು. ಇಲ್ಲಿ ಬೆಳಿಗ್ಗೆಯೇ ಓಪಿಡಿ. ರೋಗಿಯ ಜೊತೆ ಕೂತು ಪೂರ್ಣ ಕೇಸ್ ಹಿಸ್ಟರಿ ಬರೆಯಬೇಕು, ಮನೆಯವರನ್ನೂ ಮಾತಾಡಿಸಬೇಕು. ಮಕ್ಕಳಿಗೆ ಬಿನೆ-ಕಾಮತ್ ಬುದ್ಧಿಮಾಪನ, ದೊಡ್ಡವರಿಗೆ ಬೇಕಾದಾಗ ರೋರ್ಶಾಕ್‌ನ 10 ಕಾರ್ಡು. ಥೆರಪಿಯ ಪ್ರತಿ ಸೆಷನ್ನಿನ ಟಿಪ್ಪಣಿ ಸೂಪರ್‌ವೈಸರ್ ಕೈಯಿಂದ ಕೆಂಪಾಗಿ ವಾಪಸ್ಸು ಬರುತ್ತದೆ. “ಆಕೆ ಸುಮ್ಮನಾದಾಗ ನೀನ್ಯಾಕೆ ಮಾತಾಡಿದೆ?” ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಅವಳು ಒಂದು ರಾತ್ರಿ ನಿದ್ದೆಗೆಟ್ಟಳಂತೆ. ಇದಕ್ಕೆ ತರಬೇತಿ ಅನ್ನುತ್ತಾರೆ. 1955ರಿಂದ, ಇಂದಿನ ನಿಮ್ಹಾನ್ಸ್ ಇರುವಲ್ಲೇ, ಇದು ನಡೆದು ಬಂದಿದೆ.

ಸೇರುವವರು ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನಷ್ಟೇ ಅಲ್ಲ, ಅನುಮೋದನೆ ಯಾವ ವರ್ಷದವರೆಗೆ ಎಂಬುದನ್ನೂ ನೋಡಿ. ಮನೋವೈದ್ಯ ವಿಭಾಗವಿರುವ ಆಸ್ಪತ್ರೆ ಜೊತೆಗಿದೆಯೇ ಎಂದು ಖುದ್ದು ಹೋಗಿ ನೋಡಿ. ಈಗಾಗಲೇ ನಮ್ಮಂತೆ ದುಡ್ಡು ಕಟ್ಟಿದವರು ರಸೀದಿ, ಬ್ರೋಷರು, ವಾಟ್ಸಾಪ್ ಮೆಸೇಜು ಯಾವುದನ್ನೂ ಕಳೆಯಬೇಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡುವಾಗ ಅವೇ ಬೇಕಾಗುತ್ತವೆ.