ಮೊಳೆ ಬಂತು, ಜೋಡಿಸುವವರು ಬರಲಿಲ್ಲ

ಲೇಬಲ್ ಪ್ರಿಂಟರಿಗೆ ಕನ್ನಡ ಫಾಂಟ್ ಇಳಿಸಿಬಿಟ್ಟರೆ ಸ್ಟಿಕ್ಕರ್ ಕನ್ನಡದಲ್ಲೇ ಬರುತ್ತದೆ ಎಂದು ನಂಬಿದವರಿಗೆ ನಾನು ಹೇಳುವುದಿಷ್ಟೆ: ಮೊದಲು ನಮ್ಮ ಮೂರು ಊರುಗಳ ಹೆಸರು ಅಚ್ಚುಹಾಕಿ ನೋಡಿ. ಕುಮಟಾ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ, ಅದರಲ್ಲಿ ಒತ್ತಕ್ಷರವಿಲ್ಲ. ಭಟ್ಕಳದಲ್ಲಿ ಟಕಾರಕ್ಕೊಂದು ಹಲಂತದ ಕೊಕ್ಕೆ, ಪಕ್ಕದಲ್ಲಿ ಇಡೀ ಕಕಾರ. ಹೊನ್ನಾವರ ಇನ್ನಷ್ಟು ಕೆಡುತ್ತದೆ. ಯೂನಿಕೋಡಿನಲ್ಲಿ ‘ನ್ನಾ’ ಎಂದರೆ ನ, ಹಲಂತ, ನ, ದೀರ್ಘ ಎಂಬ ಸರದಿಯ ನಾಲ್ಕು ಸಂಕೇತ. ಕಾಗದದ ಮೇಲಾದರೋ ದೀರ್ಘ ಮೊದಲ ನಕಾರಕ್ಕೆ ಅಂಟಬೇಕು, ಎರಡನೆಯದು ಒತ್ತಾಗಿ ಕೆಳಗಿಳಿಯಬೇಕು. ‘ಅರ್ಧ ಕಿಲೋ’ ಎಂದರೆ ಅರ್ಕಾವತ್ತು ಧಕಾರವನ್ನು ದಾಟಿ ಬಲಕ್ಕೆ ಹೋಗಬೇಕು. ಅಕ್ಷರದ ರೂಪ ಬದಲಿಸುವ ನಿಯಮಗಳು ಫಾಂಟಿನೊಳಗೇ ಇರುತ್ತವೆ, ನಿಜ. ಅವನ್ನು ಓದಿ ನಡೆಸುವ, ಸಂಕೇತಗಳ ಸರದಿ ಬದಲಿಸುವ ತಂತ್ರಾಂಶ ಮಾತ್ರ ಅನೇಕ ಪ್ರಿಂಟರುಗಳಲ್ಲಿ ಇರುವುದಿಲ್ಲ. ಅಚ್ಚುಮೊಳೆಯ ಪೆಟ್ಟಿಗೆ ಬಂದಿದೆ, ಮೊಳೆ ಜೋಡಿಸುವವರು ಬಂದಿಲ್ಲ. ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಹಾರ್ಫ್‌ಬಝ್‌ನಂಥ ತಂತ್ರಾಂಶ ಆ ಕೆಲಸವನ್ನು ಮಾಡಿ ಮುಗಿಸುವುದರಿಂದ ಹೀಗೊಂದು ಕೆಲಸವಿದೆಯೆಂದೇ ನಮಗೆ ತೋಚುವುದಿಲ್ಲ.

ನಮ್ಮ ಕಡೆಯ ಸರಕಿನ ಹೆಸರುಗಳಂತೂ ಒತ್ತಿಲ್ಲದೆ ನಡೆಯುವಂಥವಲ್ಲ: ಕಗ್ಗ ಅಕ್ಕಿ, ಸಾಣಿಕಟ್ಟಾ ಉಪ್ಪು, ಕುಮಟಾ ಈರುಳ್ಳಿ, ಭಟ್ಕಳ ಮಲ್ಲಿಗೆ. (ಈರುಳ್ಳಿ ಹೆದ್ದಾರಿ ಬದಿಯಲ್ಲಿ ಗೊಂಚಲಾಗಿ ತೂಗುವಾಗ ಲೇಬಲ್ಲೇ ಬೇಡ ಅನ್ನಿ, ಪಾರ್ಸೆಲ್ ಕಟ್ಟಿದಾಗ ಬೇಕು.) ಪೊಟ್ಟಣದ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುವುದರಿಂದ ಕನ್ನಡಕ್ಕೆ ಉಳಿಯುವುದು ಮಿಕ್ಕ ಜಾಗ. ಇಂಚಿಗೆ 203 ಚುಕ್ಕಿಯ ಪ್ರಿಂಟರಿನಲ್ಲಿ ಒಂದು ಮಿಲಿಮೀಟರಿಗೆ 8 ಚುಕ್ಕಿ. 3 ಮಿಲಿಮೀಟರ್ ಎತ್ತರದ ಸಾಲಿಗೆ ಒಟ್ಟು 24. ಅದರಲ್ಲಿ ಒತ್ತಿಗೆ ಸಿಗುವುದು ಎಂಟೋ ಹತ್ತೋ. ಸಪೂರ ಗೆರೆಯ ಫಾಂಟ್ ಅಲ್ಲಿ ನಿಲ್ಲುವುದಿಲ್ಲ, ಎಷ್ಟೇ ಚೆಂದದ್ದಾದರೂ.

ಹಾಗಾಗಿ ಕನ್ನಡವನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಚಿತ್ರವಾಗಿ ಕಳಿಸುವುದೇ ಸರಿ ಎಂಬುದು ನನ್ನ ವಾದ. ಚಿತ್ರ ಕಳಿಸಿದರೆ ನಿಧಾನವಾಗುತ್ತದೆ ಎನ್ನುತ್ತಾರೆ. ಲೆಕ್ಕ ಹಾಕೋಣ: 50×25 ಮಿಲಿಮೀಟರಿನ ಸ್ಟಿಕ್ಕರಿಗೆ 400×200, ಅಂದರೆ 80,000 ಚುಕ್ಕಿ, 10,000 ಬೈಟು. ಯುಎಸ್‌ಬಿಗೆ ಅದು ಯಾವ ಲೆಕ್ಕ? ಸೆಕೆಂಡಿಗೆ 9600 ಬಿಟ್ ವೇಗದ ಹಳೆಯ ಸೀರಿಯಲ್ ಕೇಬಲ್ಲಾದರೆ ಮಾತ್ರ ಹತ್ತು ಸೆಕೆಂಡು ಹಿಡಿಯುತ್ತದೆ, ಅಲ್ಲಿ ದೂರು ನ್ಯಾಯವಾದದ್ದೇ. ಅದಕ್ಕೂ ದಾರಿಯಿದೆ: ‘ಸಾಣಿಕಟ್ಟಾ ಉಪ್ಪು’ ಎಂಬ ಚಿತ್ರವನ್ನು ಒಮ್ಮೆ ಪ್ರಿಂಟರಿನ ಮೆಮೊರಿಯಲ್ಲಿಟ್ಟು, ಆಮೇಲೆ ಹೆಸರು ಹಿಡಿದು ಕರೆಯುವುದು. ದಿನದಿನಕ್ಕೆ ಬದಲಾಗುವ ತಾರೀಕು, ಬೆಲೆ, ಬ್ಯಾಚ್ ನಂಬರುಗಳಿಗೆ ಪ್ರಿಂಟರಿನ ಸ್ವಂತ ಅಂಕಿಗಳೇ ಸಾಕು. ಬಾರ್‌ಕೋಡನ್ನೂ ಅದರ ಆದೇಶದಿಂದಲೇ ಬರೆಸಬೇಕು. ಚಿತ್ರ ಮಾಡಿ ಹಿಗ್ಗಿಸಿದರೆ ಗೆರೆಗಳ ದಪ್ಪ ಕೆಟ್ಟು ಸ್ಕ್ಯಾನರ್ ಹಟ ಹಿಡಿಯುತ್ತದೆ. ಅಕ್ಷರದ ಚಿತ್ರಕ್ಕೂ ಇದೇ ಕಟ್ಟಳೆ: ಮೊಬೈಲಿನಲ್ಲಿ ಮಾಡಿದ್ದನ್ನು ಕುಗ್ಗಿಸಿ ಕಳಿಸದೆ, ಬೇಕಾದಷ್ಟೇ ಚುಕ್ಕಿಗಳಲ್ಲಿ, ಬೂದು ಬಣ್ಣ ಸೋಕದ ಅಪ್ಪಟ ಕಪ್ಪು-ಬಿಳುಪಿನಲ್ಲಿ ಮಾಡಬೇಕು.

ನಿಧಾನದ ದೂರಿಗಿಂತ ಗಟ್ಟಿಯಾದ ಆಕ್ಷೇಪ ಹಳೆಯ ಡಿಟಿಪಿಯವರದ್ದು. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ಒತ್ತು, ಗುಣಿತದ ತುಂಡುಗಳಿಗೆಲ್ಲ ಬೇರೆ ಬೇರೆ ಸ್ಥಾನಗಳಿದ್ದು, ಬರುವ ಸರದಿಯಲ್ಲೇ ಸಾಲಾಗಿ ಕೂರುತ್ತವೆ. ಜೋಡಿಸುವ ತಂತ್ರಾಂಶವೇ ಬೇಡ. ಪೆದ್ದು ಪ್ರಿಂಟರಿಗೆ ಹೇಳಿ ಮಾಡಿಸಿದ ಉಪಾಯ, ಒಪ್ಪುತ್ತೇನೆ. ಆದರೆ ಬಿಲ್ಲಿಂಗ್ ತಂತ್ರಾಂಶದಲ್ಲಿ ಸರಕಿನ ಹೆಸರು ಯೂನಿಕೋಡಿನಲ್ಲಿದ್ದರೆ ಪ್ರತಿಸಲ ಪರಿವರ್ತಿಸಬೇಕು, ಒಂದೇ ಪಟ್ಟಿಯನ್ನು ಎರಡು ಸಂಕೇತಗಳಲ್ಲಿ ಕಾಯಬೇಕು. ಹತ್ತಿಪ್ಪತ್ತು ಹೆಸರಿನ ಅಂಗಡಿಗೆ ಅಷ್ಟು ರಗಳೆ ಯಾಕೆ?

ಭಟ್ಕಳದಲ್ಲಿ ಇನ್ನೊಂದು ಲಿಪಿಯ ಗಣನೆಯೂ ಇದೆ. ಅಲ್ಲಿನ ನವಾಯತಿ ಭಾಷೆಯನ್ನು ಬರೆಯುವುದು ಉರ್ದು ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಅಕ್ಷರದ ರೂಪ ನೆರೆಯ ಅಕ್ಷರವನ್ನು ನೋಡಿ ಬದಲಾಗುತ್ತದೆ. ಇದಕ್ಕೆ ಏರ್ಪಾಡಿರುವ ಪ್ರಿಂಟರುಗಳೂ ಇವೆ: ಝೀಬ್ರಾ ಕಂಪನಿಯ ಪ್ರಿಂಟರುಗಳ ಆದೇಶಭಾಷೆಯಲ್ಲಿ ದಿಕ್ಕು, ಅಕ್ಷರದ ಬೆಸುಗೆ, ಫಾಂಟಿನ ನಿಯಮಗಳಿರುವ ಓಪನ್‌ಟೈಪ್ ಕೋಷ್ಟಕ ಮೂರಕ್ಕೂ ಬೇರೆ ಬೇರೆ ಸ್ವಿಚ್ಚುಗಳಿವೆ. ಅಂಥ ಯಂತ್ರ ಕೊಳ್ಳುವವರು ‘ಕನ್ನಡ ಬರುತ್ತದೆ’ ಎಂಬ ಮಾತಿಗೆ ತಲೆದೂಗದೆ, ‘ಹೊನ್ನಾವರ’, ‘ಅರ್ಧ ಕಿಲೋ’, ಒಂದು ಸಾಲು ಉರ್ದು, ಇಷ್ಟನ್ನು ಮಾರುವವರ ಎದುರಿಗೇ ಅಚ್ಚು ಹಾಕಿಸಿ ನೋಡಲಿ. ಮೂರೂ ಸರಿಬಂದರೆ ಫಾಂಟ್ ಇಳಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ.